ಕಾರು ಎಷ್ಟು ಭಾರ ಎಳೆದೀತು?

ಪ್ರಶ್ನೆ: ನಾವು ಇಂಗ್ಲೆಂಡಿನಲ್ಲಿದ್ದೇವೆ. ರಜೆಗೆ ಕಾರಿನ ಹಿಂದೆ ಕ್ಯಾರವಾನ್ ಕಟ್ಟಿಕೊಂಡು ಹೋಗುವಾಸೆ. ನಮ್ಮ ಕಾರು ಎಷ್ಟು ತೂಕ ಎಳೆಯಬಹುದೆಂದು ತಿಳಿಯುವುದು ಹೇಗೆ?

ಉತ್ತರ: ಎಂಜಿನ್ನಿನ ಸಿ.ಸಿ. ನೋಡಿ ಅಂದಾಜು ಕಟ್ಟಬೇಡಿ. ಬಾನೆಟ್ಟಿನ ಕೆಳಗೋ ಬಾಗಿಲಿನ ಚೌಕಟ್ಟಿನ ಮೇಲೋ ಒಂದು ಸಣ್ಣ ಫಲಕವೋ ಸ್ಟಿಕ್ಕರೋ ಇರುತ್ತದೆ. ಅದರ ಮೊದಲ ತೂಕ, ಜನ-ಸಾಮಾನು ತುಂಬಿದ ಕಾರಿನ ಮಿತಿ. ಎರಡನೆಯದು ಕಾರು, ಟ್ರೇಲರ್ ಎರಡೂ ಸೇರಿದ ಮಿತಿ. ಅವು 2,000 ಮತ್ತು 3,400 ಕೆ.ಜಿ. ಎಂದಿಟ್ಟುಕೊಳ್ಳಿ, ಪೂರ್ತಿ ತುಂಬಿದ ಕಾರಿಗೆ 1,400 ಕೆ.ಜಿ. ಕಟ್ಟಬಹುದು. ಕಾರಿನಲ್ಲಿ ನೀವೊಬ್ಬರೇ ಇದ್ದರೆ ಟ್ರೇಲರಿಗೆ ತುಸು ಹೆಚ್ಚು ಹೇರಬಹುದು, ಆದರೆ ಎರಡೂ ಸೇರಿದ ಮಿತಿಯೊಳಗೇ. ಕೈಪಿಡಿಯಲ್ಲಿರುವ ಎಳೆಯುವ ಮಿತಿಯನ್ನೂ ಮೀರಬಾರದು. ಎರಡನೆಯ ಅಂಕಿಯೇ ಇಲ್ಲವೇ? ಆ ಕಾರು ಎಳೆಯಲಿಕ್ಕಲ್ಲ.

ಆದರೆ ಕಂಪನಿಯ ಮಿತಿಯ ಹಿಂದಿರುವ ಒಂದು ಮುಖ್ಯ ಪರೀಕ್ಷೆ, ಶೇ. 12ರ ಏರಿನಲ್ಲಿ 5 ನಿಮಿಷದೊಳಗೆ 5 ಸಲ ನಿಂತು ಹೊರಡುವುದು. ಮೋಟಾರ್‌ವೇಯಲ್ಲಿ ಲಾರಿಯೊಂದು ಪಕ್ಕದಲ್ಲಿ ಸರ್ರನೆ ಹಾದಾಗ ಕ್ಯಾರವಾನ್ ಓಲಾಡದೇ ಇದ್ದೀತೇ ಎಂಬುದಕ್ಕೆ ಅದು ಉತ್ತರವಲ್ಲ. ಹಾಗಾಗಿ ಹೊಸಬರಿಗೆ ಅಲ್ಲಿ ಹೇಳುವ ಲೆಕ್ಕ, ತುಂಬಿದ ಕ್ಯಾರವಾನ್ ಖಾಲಿ ಕಾರಿನ ತೂಕದ ಶೇ. 85 ದಾಟಬಾರದು ಎಂದು. 1,500 ಕೆ.ಜಿ. ಕಾರಿಗೆ 1,275. ಕಾನೂನಲ್ಲ, ಆದರೂ ಪಾಲಿಸಿ.

ಬ್ರೇಕಿಲ್ಲದ ಟ್ರೇಲರಾದರೆ 750 ಕೆ.ಜಿ. ಅಥವಾ ಕಾರಿನ ತೂಕದ ಅರ್ಧ, ಯಾವುದು ಕಡಿಮೆಯೋ ಅಷ್ಟೇ.

ಭಾರದ ಸಾಮಾನನ್ನು ಅಚ್ಚಿನ ಹತ್ತಿರ, ತಳದಲ್ಲೇ ಇಡಿ. ಹಿಂಭಾಗಕ್ಕೆ ತುಂಬಿದರೆ ಕೊಕ್ಕೆಯ ಮೇಲಿನ ಭಾರ ತಗ್ಗಿ ಗಾಡಿ ಹಾವಿನಂತೆ ಹೊರಳುತ್ತದೆ. ಹೊರಡುವ ಮುಂಚೆ, ತುಂಬಿದ ಗಾಡಿಯನ್ನು ಒಮ್ಮೆ ವೇಬ್ರಿಡ್ಜ್ ಹತ್ತಿಸಿ ತೂಗಿಸಿ.