ಹಾರ್ಡ್ ಡಿಸ್ಕ್ ಕೈಕೊಡೋ ದಿನಕ್ಕೆ ನಿಮ್ಮ ಸರ್ವರ್ ರೆಡಿ ಇದೆಯಾ?

ಈ ಎಪಿಸೋಡ್ ಸ್ವಲ್ಪ ಟೆಕ್ನಿಕಲ್, ಆದ್ರೆ ಆಫೀಸಿನಲ್ಲಿ ಸರ್ವರ್ ಇಟ್ಟಿರೋರು ಪೂರ್ತಿ ಕೇಳಿ. ಆಡಿಟ್ ಆಫೀಸ್ ನಡೆಸೋ ಕೇಳುಗರೊಬ್ಬರು ಒಂದು ಪ್ರಶ್ನೆ ಕಳಿಸಿದ್ದಾರೆ. ಹೊಸ ಸರ್ವರ್ ತಗೊಂಡಿದ್ದಾರೆ, 4 ಟಿಬಿಯ ನಾಲ್ಕು ಹಾರ್ಡ್ ಡಿಸ್ಕ್ ಇವೆ. ಕ್ಲೈಂಟ್‌ಗಳ ಟ್ಯಾಲಿ ಡೇಟಾ ಎಲ್ಲ ಅದರಲ್ಲೇ ಇರಬೇಕು. ಮಾರಿದವರು ರೇಡ್ 5 ಹಾಕಿಕೊಡ್ತೀವಿ ಅಂತಿದ್ದಾರೆ, ಒಪ್ಪಬಹುದಾ?

ರೇಡ್ ಅಂದ್ರೆ ಹಲವು ಡಿಸ್ಕ್‌ಗಳನ್ನು ಸೇರಿಸಿ ಕಂಪ್ಯೂಟರಿಗೆ ಒಂದೇ ಡಿಸ್ಕ್ ಥರ ತೋರಿಸೋ ಏರ್ಪಾಡು. 1988ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದ ಡೇವಿಡ್ ಪ್ಯಾಟರ್ಸನ್, ಗಾರ್ತ್ ಗಿಬ್ಸನ್, ರ‍್ಯಾಂಡಿ ಕಾಟ್ಜ್ ಬರೆದ ಪ್ರಬಂಧದಿಂದ ಈ ಹೆಸರು ಬಳಕೆಗೆ ಬಂತು. ಹೆಸರಿನ 'ಐ' ಅಕ್ಷರ ಆಗ 'ಇನೆಕ್ಸ್‌ಪೆನ್ಸಿವ್', ಅಂದ್ರೆ ಅಗ್ಗದ್ದು ಅಂತ ಇತ್ತು. ಆಮೇಲೆ ಅದು 'ಇಂಡಿಪೆಂಡೆಂಟ್' ಆಯ್ತು. ಅಗ್ಗ ಅಂತ ಹೆಸರಿಟ್ಟು ದುಬಾರಿಗೆ ಮಾರೋಕಾಗುತ್ತಾ!

ಈ ಕೆಲಸ ಮಾಡೋದು ಸರ್ವರ್ ಒಳಗಿನ ಕಂಟ್ರೋಲರ್ ಕಾರ್ಡ್. ಡೆಲ್‌ನವರದ್ದು ಪರ್ಕ್, ಎಚ್‌ಪಿಯವರದ್ದು ಸ್ಮಾರ್ಟ್ ಅರೇ. ವಿಂಡೋಸ್ ಹಾಕೋ ಮುಂಚೆಯೇ ಇದರ ಸೆಟಪ್‌ಗೆ ಹೋಗಿ 'ವರ್ಚುವಲ್ ಡಿಸ್ಕ್' ಅಥವಾ 'ಅರೇ' ಅನ್ನೋದನ್ನ ರಚಿಸಬೇಕು.

ರೇಡ್ 5 ಅರ್ಥ ಆಗೋಕೆ ಕಾಮರ್ಸ್ ಸಾಕು. ಖರ್ಚಿನ ಪಟ್ಟಿಯಲ್ಲಿ 40, 25, 35 ಇದೆ, ಕೆಳಗೆ ಮೊತ್ತ 100. 25ರ ಮೇಲೆ ಕಾಫಿ ಚೆಲ್ಲಿದ್ರೂ ಮೊತ್ತದಿಂದ ಉಳಿದದ್ದನ್ನ ಕಳೆದು ಅದನ್ನ ವಾಪಸ್ ಪಡೀಬಹುದು. ಆ ಮೊತ್ತದ ಜಾಗದಲ್ಲಿರೋದೇ ಪ್ಯಾರಿಟಿ. ಕಂಟ್ರೋಲರ್ ನಿಜವಾಗಿ ಕೂಡೋದಿಲ್ಲ, ಎಕ್ಸ್‌ಆರ್ ಅನ್ನೋ ಲೆಕ್ಕ ಮಾಡುತ್ತೆ. ಉಪಾಯ ಮಾತ್ರ ಇದೇ. ಒಂದು ಡಿಸ್ಕಿನಷ್ಟು ಜಾಗ ಇದಕ್ಕೆ ಹೋಗಿ 12 ಟಿಬಿ ನಿಮಗೆ ಸಿಗುತ್ತೆ. ಆದ್ರೆ ಎರಡು ಅಂಕಿ ಅಳಿಸಿಹೋದ್ರೆ? ಮೊತ್ತ ಇದ್ದೂ ಪ್ರಯೋಜನ ಇಲ್ಲ.

ಒಂದು ಡಿಸ್ಕ್ ಹೋಯ್ತು, ಹೊಸದು ಹಾಕಿದ್ರಿ ಅಂದುಕೊಳ್ಳಿ. ಅದನ್ನ ತುಂಬಿಸೋಕೆ ಉಳಿದ ಮೂರನ್ನೂ ಮೊದಲಿಂದ ಕೊನೆವರೆಗೆ ಓದಬೇಕು. ಸೆಕೆಂಡಿಗೆ 150 ಎಂಬಿ ವೇಗ ಸಿಕ್ಕರೂ 4 ಟಿಬಿಗೆ ಏಳು ಗಂಟೆ ದಾಟುತ್ತೆ. ಮಧ್ಯೆ ಆಫೀಸ್ ಕೆಲಸವೂ ನಡೀತಿದ್ರೆ ಇನ್ನೂ ಹೆಚ್ಚು. ನಾಲ್ಕೂ ಡಿಸ್ಕ್ ಒಂದೇ ದಿನ ಕೊಂಡಿದ್ದು, ಒಂದೇ ಥರ ಸವೆದದ್ದು. ಇಷ್ಟು ಹೊರೆ ಬಿದ್ದಾಗ ಇನ್ನೊಂದು ಮಲಗಿದ್ರೆ ಅರೇ ಪೂರ್ತಿ ಹೋಯ್ತು.

ಅದಕ್ಕೇ ನನ್ನ ಉತ್ತರ: ರೇಡ್ 5 ಬೇಡ, ರೇಡ್ 10 ಹಾಕಿಸಿ. ಎರಡೆರಡು ಡಿಸ್ಕಿನ ಜೋಡಿ, ಪ್ರತಿ ಜೋಡಿಯಲ್ಲೂ ಒಂದರ ಪ್ರತಿ ಇನ್ನೊಂದು. ಒಂದು ಹೋದ್ರೆ ಅದರ ಜೋಡಿಯಿಂದ ಮಾತ್ರ ನಕಲು. ಸಿಗೋದು 8 ಟಿಬಿ, ಟ್ಯಾಲಿಗೆ ಧಾರಾಳ. ರೇಡ್ 6 ಹಾಕಿದ್ರೂ 8 ಟಿಬಿಯೇ. ಅಲ್ಲಿ ಯಾವ ಎರಡು ಹೋದ್ರೂ ಡೇಟಾ ಉಳಿಯುತ್ತೆ, ಆದ್ರೆ ಸಣ್ಣ ಸಣ್ಣ ಎಂಟ್ರಿ ಬರೆಯೋವಾಗ ನಿಧಾನ.

ಅದೇ ಸ್ಕ್ರೀನಿನಲ್ಲಿ 'ರೈಟ್ ಪಾಲಿಸಿ' ಅಂತ ಇರುತ್ತೆ. 'ರೈಟ್ ಬ್ಯಾಕ್' ಇಟ್ರೆ, ಡೇಟಾ ಕಾರ್ಡಿನ ಮೆಮೊರಿಗೆ ಬಂದ ಕೂಡಲೇ 'ಬರೆದಾಯ್ತು' ಅಂದುಬಿಡುತ್ತೆ. ವೇಗ ಚೆನ್ನಾಗಿರುತ್ತೆ. ಆದ್ರೆ ಡಿಸ್ಕಿಗೆ ಇಳಿಯೋ ಮುಂಚೆ ಕರೆಂಟ್ ಹೋದ್ರೆ ಆ ಎಂಟ್ರಿಗಳು ಕಾರ್ಡಿನ ಬ್ಯಾಟರಿ ಇದ್ರೆ ಮಾತ್ರ ಉಳಿಯೋದು. ಬ್ಯಾಟರಿ ಇಲ್ದೆ 'ಫೋರ್ಸ್ ರೈಟ್ ಬ್ಯಾಕ್' ಒತ್ತೋದು ದುಸ್ಸಾಹಸ. ಅಂಥಲ್ಲಿ 'ರೈಟ್ ಥ್ರೂ' ಇಡಿ, ನಿಧಾನ ಆದ್ರೂ ಪರವಾಗಿಲ್ಲ.

ಮುಂದೆ ಕಾರ್ಡ್ ಬದಲಾಯಿಸಿದಾಗ ಅಥವಾ ಡಿಸ್ಕ್‌ಗಳನ್ನ ಬೇರೆ ಸರ್ವರ್‌ಗೆ ಹಾಕಿದಾಗ 'ಫಾರಿನ್ ಕಾನ್ಫಿಗರೇಶನ್' ಅಂತ ಸಂದೇಶ ಬರಬಹುದು. 'ಇಂಪೋರ್ಟ್' ಮತ್ತು 'ಕ್ಲಿಯರ್' ಎರಡು ಆಯ್ಕೆ. ಅವಸರದಲ್ಲಿ ಕ್ಲಿಯರ್ ಒತ್ತಬೇಡಿ, ಅರೇ ಹೇಗಿತ್ತು ಅನ್ನೋ ಮಾಹಿತಿಯೇ ಅಳಿಸಿಹೋಗುತ್ತೆ. ಹಳೇ ಡೇಟಾ ಬೇಕು ಅಂದ್ರೆ ಇಂಪೋರ್ಟ್.

ಇನ್ನೊಂದು ವಿಷಯ. ರೇಡ್ ಇದ್ಮೇಲೆ ಬ್ಯಾಕಪ್ ಯಾಕೆ ಅಂತ ಕೇಳೋರಿದ್ದಾರೆ. ಯಾರೋ ಕಂಪನಿ ಫೋಲ್ಡರ್ ಡಿಲೀಟ್ ಮಾಡಿದ್ರೆ ರೇಡ್ ಅದನ್ನ ಎರಡೂ ಡಿಸ್ಕಿನಿಂದ ನಿಷ್ಠೆಯಿಂದ ಅಳಿಸುತ್ತೆ. ರ‍್ಯಾನ್ಸಮ್‌ವೇರ್ ಬಂದ್ರೂ ಅಷ್ಟೇ. ಬ್ಯಾಕಪ್ ಬೇರೆ ಜಾಗದಲ್ಲಿ ಇರಲೇಬೇಕು.

ಇನ್ನು ಮೇಲ್ ಅಲರ್ಟ್. ಒಂದು ಡಿಸ್ಕ್ ಹೋದ್ರೂ ಸರ್ವರ್ ಏನೂ ಆಗದ ಹಾಗೆ ಓಡ್ತಾನೇ ಇರುತ್ತೆ. ಕಿತ್ತಳೆ ದೀಪ ರೂಮಿನ ಮೂಲೆಯಲ್ಲಿ ಮಿನುಗ್ತಿರುತ್ತೆ, ಯಾರೂ ನೋಡಲ್ಲ. ಹಾಗಾಗಿ ಡೇಟಾ ಹಾಕೋ ಮುಂಚೆ, ಇಂಜಿನಿಯರ್ ಎದುರಿಗಿರುವಾಗಲೇ, ಸರ್ವರ್ ಆನ್ ಇಟ್ಟು ಒಂದು ಡಿಸ್ಕ್ ತೆಗೆಸಿ ನೋಡಿ. ಮೇಲ್ ನಿಮ್ಮ ಫೋನಿಗೆ ಬರುತ್ತಾ, ಎಷ್ಟನೇ ಸ್ಲಾಟ್ ಅಂತ ಸರಿಯಾಗಿ ಹೇಳುತ್ತಾ, ಮತ್ತೆ ತುಂಬಿಕೊಳ್ಳೋಕೆ ಎಷ್ಟು ಗಂಟೆ ಬೇಕಾಯ್ತು, ಎಲ್ಲ ಒಂದು ಹಾಳೆಯಲ್ಲಿ ಬರೆದು ಸರ್ವರ್ ಮೇಲೇ ಅಂಟಿಸಿ.