ದಾದಿಯರ ವೃತ್ತಿಯೂ ಅಂಟುಜಾಡ್ಯದ ಭಯವೂ

ಮಗಳು ದಾದಿಯರ ಶಿಕ್ಷಣಕ್ಕೆ ಸೇರುವೆನೆಂದೊಡನೆ ಅನೇಕ ಮನೆಗಳಲ್ಲಿ ಏಳುವ ಪ್ರಶ್ನೆಯೊಂದುಂಟು: ರೋಗಿಗಳ ಜಾಡ್ಯ ಇವಳಿಗೇ ಅಂಟಿದರೆ ಗತಿಯೇನು? ಇದನ್ನು ಅಜ್ಞಾನವೆಂದು ತಳ್ಳಿಹಾಕುವುದು ನ್ಯಾಯವಲ್ಲ. ಪುಣೆಯಲ್ಲಿ ಪ್ಲೇಗು ಹಬ್ಬಿದಾಗ ರೋಗಿಗಳ ಸೇವೆಗೆ ನಿಂತ ಸಾವಿತ್ರೀಬಾಯಿ ಫುಲೆಯವರು 1897ರಲ್ಲಿ ಅದೇ ರೋಗಕ್ಕೆ ಆಹುತಿಯಾದರು. 2018ರ ಮೇ ತಿಂಗಳಲ್ಲಿ ಕೇರಳದ ಪೇರಾಂಬ್ರದ ಸರ್ಕಾರಿ ಆಸ್ಪತ್ರೆಯ ದಾದಿ ಲಿನಿಯವರು ನಿಪಾ ರೋಗಿಯ ಶುಶ್ರೂಷೆ ಮಾಡಿ, ಆ ಜ್ವರದಿಂದಲೇ ಮಡಿದರು. ತಾಯ್ತಂದೆಗಳ ಭಯವು ನಿರಾಧಾರವಾದುದಲ್ಲ.

ಆದರೆ ಭಯವನ್ನೂ ಅಳೆದು ನೋಡಬೇಕು. ರೋಗಿಗೆ ಬಳಸಿದ ಸೂಜಿ ಕೈಗೆ ಚುಚ್ಚುವುದು ಈ ವೃತ್ತಿಯ ದೊಡ್ಡ ಅಪಾಯಗಳಲ್ಲೊಂದು. ಎಚ್‌ಐವಿ ಇರುವ ರಕ್ತದ ಸೂಜಿ ಚುಚ್ಚಿದರೆ ಸೋಂಕು ತಗಲುವ ಸಂಭವ ಸಾವಿರಕ್ಕೆ ಸುಮಾರು 3. ತಡಮಾಡದೆ, ಹೆಚ್ಚೆಂದರೆ 72 ಗಂಟೆಗಳೊಳಗಾಗಿ, ಔಷಧವನ್ನಾರಂಭಿಸಿ 28 ದಿನ ಸೇವಿಸಿದರೆ ಅದೂ ಬಹುಮಟ್ಟಿಗೆ ತಗ್ಗುವುದು. ಯಕೃತ್ತನ್ನು ಕೆಡಿಸುವ ಹೆಪಟೈಟಿಸ್ ಬಿ ಇದಕ್ಕಿಂತ ಪ್ರಬಲವಾದುದು. ಲಸಿಕೆಯಿಲ್ಲದವರಿಗೆ ನೂರಕ್ಕೆ 6ರಿಂದ 30ರವರೆಗೂ ಅಂಟಬಲ್ಲುದು. ಆದರೆ 6 ತಿಂಗಳ ಅವಧಿಯಲ್ಲಿ 3 ಸಲ ಲಸಿಕೆ ಹಾಕಿಸಿಕೊಂಡವರಲ್ಲಿ ಬಹುಪಾಲು ಜನರಿಗೆ ಅದರ ಭಯವಿಲ್ಲ. ಕ್ಷಯವು ಗಾಳಿಯಿಂದ ಹರಡತಕ್ಕದ್ದು. ಗಾಳಿಯಾಡುವ ವಾರ್ಡು, ರೋಗಶಂಕೆಯುಳ್ಳವರಿಗೆ ಪ್ರತ್ಯೇಕ ಸ್ಥಳ, ಮೂಗುಬಾಯಿಗಳನ್ನು ಬಿಗಿಯಾಗಿ ಮುಚ್ಚುವ ಎನ್-95 ಮಾಸ್ಕು, ಇವೇ ಅದಕ್ಕೆ ತಡೆ.

ಇವುಗಳಲ್ಲಿ ಯಾವುದನ್ನೂ ಹದಿನೆಂಟು ವರ್ಷದ ವಿದ್ಯಾರ್ಥಿನಿಯು ತನ್ನ ಧೈರ್ಯವೊಂದರಿಂದಲೇ ಒದಗಿಸಿಕೊಳ್ಳಲಾರಳು. ಒದಗಿಸತಕ್ಕವರು ಆಸ್ಪತ್ರೆಯವರು. 2017ರ ಎಚ್‌ಐವಿ ಮತ್ತು ಏಡ್ಸ್ ಕಾಯಿದೆಯು ರಕ್ಷಣೋಪಾಯಗಳನ್ನೂ, ತರಬೇತನ್ನೂ, ಸೂಜಿ ಚುಚ್ಚಿದವರಿಗೆ ಔಷಧವನ್ನೂ ಕೊಡುವ ಹೊಣೆಯನ್ನು ಆರೋಗ್ಯ ಸಂಸ್ಥೆಗಳ ಮೇಲೆಯೇ ಹೊರಿಸಿದೆ. 2020ರ ಮಾರ್ಚ್ 22ರಂದು ದೇಶವೆಲ್ಲ ಚಪ್ಪಾಳೆ ತಟ್ಟಿ, ಜಾಗಟೆ ಬಾರಿಸಿ ವೈದ್ಯರನ್ನೂ ದಾದಿಯರನ್ನೂ ಗೌರವಿಸಿತು. ಆ ಗೌರವ ಸಲ್ಲತಕ್ಕದ್ದೇ. ಆದರೆ ಜಾಗಟೆಯ ನಾದವು ಕೈಗವಸಿಗೆ ಬದಲಾಗಲಾರದು. ದಾದಿಯನ್ನು ದೇವತೆಯೆಂದು ಕೊಂಡಾಡಿ, ಮನುಷ್ಯಳಿಗೆ ಬೇಕಾದ ರಕ್ಷಣೆಯನ್ನು ಮರೆಯುವುದು ಕೃತಜ್ಞತೆಯಲ್ಲ.

ಆದುದರಿಂದ ತಾಯ್ತಂದೆಗಳಲ್ಲಿ ನಮ್ಮ ವಿಜ್ಞಾಪನೆಯಿಷ್ಟೆ: ಮಗಳನ್ನು ತಡೆಯಬೇಡಿರಿ, ಅವಳು ಸೇರುವ ಶಾಲೆಯವರನ್ನು ಕೇಳಿರಿ. ವಾರ್ಡಿಗೆ ಕಳುಹಿಸುವ ಮುನ್ನ ಲಸಿಕೆ ಹಾಕಿಸುವಿರಾ? ಬಳಸಿದ ಸೂಜಿಗಳನ್ನು ಹಾಕಲು ಕೈಗೆಟಕುವಲ್ಲಿ ಗಟ್ಟಿ ಡಬ್ಬಿಯಿದೆಯೇ? ನಡುರಾತ್ರಿ ಸೂಜಿ ಚುಚ್ಚಿದರೆ ಔಷಧ ಕೊಡುವವರು ಯಾರು? ಮೂರಕ್ಕೂ ನೇರವಾದ ಉತ್ತರ ದೊರೆತರೆ ನಿರ್ಭಯವಾಗಿ ಆಶೀರ್ವದಿಸಿ ಕಳುಹಿಸಿರಿ. ದೊರೆಯದಿದ್ದರೆ ನಾಚಬೇಕಾದವರು ಭಯಪಟ್ಟ ನೀವಲ್ಲ, ಉತ್ತರವಿಲ್ಲದ ಆ ಸಂಸ್ಥೆಯವರು. ರೋಗಿಗಳನ್ನು ಕಾಯುವ ಕೈಗಳನ್ನು ಕಾಯುವುದು ರಾಷ್ಟ್ರದ ಆದ್ಯ ಕರ್ತವ್ಯ.