ಹೆಸರಿನ ಬೆಲೆ

ಅಮೆರಿಕೆಯಲ್ಲಿ ಒಂದು ಕಾಲಕ್ಕೆ ಮನೆಯ ಮುಂದೆ ಪ್ಯಾಕಾರ್ಡ್ ಮೋಟಾರು ನಿಂತಿದೆಯೆಂದರೆ ಆ ಮನೆಯವರ ಅಂತಸ್ತನ್ನು ಬೇರೆ ವಿಚಾರಿಸಬೇಕಾಗಿರಲಿಲ್ಲ. 1899ರಲ್ಲಿ ಓಹಾಯೋ ಪ್ರಾಂತದ ವಾರೆನ್ ಪಟ್ಟಣದಲ್ಲಿ ಹುಟ್ಟಿ, 1903ರಲ್ಲಿ ಡೆಟ್ರಾಯಿಟ್ ನಗರವನ್ನು ಸೇರಿದ ಈ ಸಂಸ್ಥೆ, ತನ್ನ ಗಾಡಿಯ ಗುಣವನ್ನು ಕೊಂಡವರನ್ನೇ ಕೇಳಿ ತಿಳಿಯಿರೆಂದು ಧೈರ್ಯವಾಗಿ ಸಾರುತ್ತಿತ್ತು.

1929ರ ಆರ್ಥಿಕ ಕುಸಿತದ ತರುವಾಯ ಸಿರಿವಂತರೂ ಕೈ ಬಿಗಿಹಿಡಿದರು. ಎರಡು ಸಾವಿರ ಡಾಲರಿಗೂ ಮೇಲ್ಪಟ್ಟ ಗಾಡಿಗಳನ್ನು ಕೊಳ್ಳುವವರು ವಿರಳರಾದರು. ಬೇರೆ ದಾರಿ ಕಾಣದೆ ಸಂಸ್ಥೆ 1935ರಲ್ಲಿ ‘ಒನ್ ಟ್ವೆಂಟಿ’ ಎಂಬ ಮಾದರಿಯನ್ನು ಹೊರತಂದಿತು. ಆರಂಭದ ಬೆಲೆ ಸಾವಿರ ಡಾಲರಿಗೂ ಕಡಿಮೆ! ಜನ ಮುಗಿಬಿದ್ದರು. ಮೊದಲ ವರ್ಷವೇ ಸುಮಾರು 25,000 ಗಾಡಿಗಳು ತಯಾರಾದವು. 1937ರಲ್ಲಿ ಅದಕ್ಕಿಂತಲೂ ಅಗ್ಗದ, ಆರು ಸಿಲಿಂಡರಿನ ಗಾಡಿ ಬಂದಿತು. ಸಂಸ್ಥೆ ಬದುಕಿತು.

ಆದರೆ ಗುಮಾಸ್ತನ ಗಾಡಿಗೂ ಧನಿಕನ ಗಾಡಿಗೂ ಒಂದೇ ಹೆಸರು, ಒಂದೇ ಮುಖಚರ್ಯೆ! ಪ್ರತಿಸ್ಪರ್ಧಿಯಾದ ಜನರಲ್ ಮೋಟಾರ್ಸ್ ಅಗ್ಗದ ಗಾಡಿಗಳನ್ನು ಷೆವ್ರೊಲೆ ಎಂಬ ಹೆಸರಿನಲ್ಲಿ ಮಾರಿ, ಕ್ಯಾಡಿಲಾಕ್ ಎಂಬ ಹೆಸರನ್ನು ಸಿರಿವಂತರಿಗೇ ಮೀಸಲಿಟ್ಟಿತ್ತು. ಯುದ್ಧಾನಂತರ ಹಣವುಳ್ಳವರು ಅತ್ತಲೇ ವಾಲಿದರು.

1954ರಲ್ಲಿ ಪ್ಯಾಕಾರ್ಡ್ ಸಂಸ್ಥೆ ಸ್ಟುಡಿಬೇಕರ್ ಸಂಸ್ಥೆಯೊಡನೆ ಕೂಡಿಕೊಂಡಿತು. 1957ರಲ್ಲಿ ಸ್ಟುಡಿಬೇಕರ್ ಒಡಲಿಗೇ ಪ್ಯಾಕಾರ್ಡ್ ಹೆಸರನ್ನು ಅಂಟಿಸಲಾಯಿತು. ಜನ ಮೋಸಹೋಗಲಿಲ್ಲ, ‘ಪ್ಯಾಕಾರ್ಡ್‌ಬೇಕರ್’ ಎಂದು ನಕ್ಕರು. 1958ಕ್ಕೆ ಆ ಹೆಸರೇ ಅಳಿಯಿತು.

ಅಗ್ಗದ ಗಾಡಿ ತಪ್ಪಾಗಿರಲಿಲ್ಲ. ಅದಿಲ್ಲದಿದ್ದರೆ ಸಂಸ್ಥೆ ಇನ್ನೂ ಮೊದಲೇ ಮುಚ್ಚುತ್ತಿತ್ತೇನೋ. ಅದಕ್ಕೆ ಬೇರೊಂದು ಹೆಸರನ್ನಿಡದೆ ಹೋದದ್ದೇ ದುಬಾರಿಯಾಯಿತು. ಇಳಿಸಿದ ಬೆಲೆಯನ್ನು ಮತ್ತೆ ಏರಿಸಬಹುದು. ಇಳಿದ ಹೆಸರನ್ನು ಏರಿಸುವುದು ಸುಲಭವಲ್ಲ.